ಮೊದಲನೇ ಎಲಿಜಬೆತ್ ರಾಣಿಯ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕ್ ಪಾದ್ರಿಗಳನ್ನು ರಾಜದ್ರೋಹಿಗಳೆಂದು ಕೊಂದದ್ದೇಕೆ?

ಧರ್ಮನಿಷ್ಠೆ ಮತ್ತು ರಾಜನಿಷ್ಠೆಯನ್ನು ಪೋಪ್ ಅವರೇ ಎದುರುಬದುರು ನಿಲ್ಲಿಸಿದ್ದರಿಂದ. 1570ರಲ್ಲಿ ಪೋಪ್ ಐದನೇ ಪಯಸ್ ಒಂದು ಆಜ್ಞಾಪತ್ರ ಹೊರಡಿಸಿ ಎಲಿಜಬೆತ್‌ಗೆ ಧರ್ಮಬಹಿಷ್ಕಾರ ಹಾಕಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಆಕೆಗೆ ಸಿಂಹಾಸನದ ಹಕ್ಕಿಲ್ಲ, ಪ್ರಜೆಗಳು ಆಕೆಯ ಆಜ್ಞೆ ಪಾಲಿಸಕೂಡದು, ಪಾಲಿಸಿದವರಿಗೂ ಬಹಿಷ್ಕಾರ ಎಂದು ಸಾರಿದರು.

ಅಲ್ಲಿಯವರೆಗೆ ಭಾನುವಾರ ಸರ್ಕಾರಿ ಪ್ರಾಟೆಸ್ಟೆಂಟ್ ಚರ್ಚಿಗೆ ಹೋಗದವರಿಗೆ 12 ಪೆನ್ಸ್ ದಂಡ ಇತ್ತು, ಅಷ್ಟೇ. ಆಜ್ಞಾಪತ್ರದ ಹಿಂದಿನ ವರ್ಷವೇ ಉತ್ತರ ಇಂಗ್ಲೆಂಡಿನ ಕ್ಯಾಥೊಲಿಕ್ ಸರದಾರರು ದಂಗೆ ಎದ್ದಿದ್ದರು. ಹಾಗಾಗಿ ಸರ್ಕಾರದ ಭಯ ಬರೀ ನೆಪವಾಗಿರಲಿಲ್ಲ. 1581ರಲ್ಲಿ ದಂಡ ತಿಂಗಳಿಗೆ 20 ಪೌಂಡಿಗೆ ಏರಿತು. 1585ರ ಕಾನೂನಿನ ಪ್ರಕಾರ, ವಿದೇಶದಲ್ಲಿ ದೀಕ್ಷೆ ಪಡೆದ ಪಾದ್ರಿ ಇಂಗ್ಲೆಂಡಿನಲ್ಲಿ ಇರುವುದೇ ರಾಜದ್ರೋಹ.

ಸಿಕ್ಕಿಬಿದ್ದವರಿಗೆ ಒಂದು ಪ್ರಶ್ನೆ ಕಾದಿರುತ್ತಿತ್ತು: ಪೋಪರ ಸೇನೆ ದಾಳಿಯಿಟ್ಟರೆ ನೀನು ಯಾರ ಕಡೆ? ಪೋಪ್ ಎಂದರೆ ದ್ರೋಹ, ರಾಣಿ ಎಂದರೆ ಗುರುವಿನ ಅಧಿಕಾರವನ್ನೇ ಅಲ್ಲಗಳೆದಂತೆ. ಇದು ಅನ್ಯಾಯದ ಪ್ರಶ್ನೆ ಎಂದೇ ನನ್ನ ಅಭಿಪ್ರಾಯ. ಮನಸ್ಸಿನಲ್ಲಿರುವುದನ್ನು ಕೃತ್ಯವೆಂದು ಶಿಕ್ಷಿಸುವ ದಾರಿ ಅದು. ಹೀಗೆ ಸಿಕ್ಕಿಬಿದ್ದ ಪಾದ್ರಿ ಎಡ್ಮಂಡ್ ಕ್ಯಾಂಪಿಯನ್ ತಾನು ಬಂದದ್ದು ಆತ್ಮಗಳ ಉದ್ಧಾರಕ್ಕೆ, ರಾಜಕೀಯಕ್ಕಲ್ಲ ಎಂದು ಕೊನೆಯವರೆಗೂ ಹೇಳಿದರು. 1581ರ ಡಿಸೆಂಬರಿನಲ್ಲಿ ಅವರನ್ನು ಲಂಡನ್ನಿನ ಟೈಬರ್ನ್‌ನಲ್ಲಿ ಗಲ್ಲಿಗೇರಿಸಲಾಯಿತು.

ಹಿಂದಿನ ರಾಣಿ ಮೇರಿ ಸುಮಾರು 280 ಪ್ರಾಟೆಸ್ಟೆಂಟರನ್ನು ಧರ್ಮದ್ರೋಹಕ್ಕಾಗಿ ಸುಡಿಸಿ ಅವರನ್ನು ಹುತಾತ್ಮರನ್ನಾಗಿಸಿದ್ದಳು. ಎಲಿಜಬೆತ್ ಸರ್ಕಾರಕ್ಕೆ ಅಂಥ ಹುತಾತ್ಮರು ಬೇಡವಾಗಿತ್ತು. ಅದಕ್ಕೇ ಪಾದ್ರಿಗಳ ಮೇಲೆ ಧರ್ಮದ್ರೋಹದ ಬದಲು ರಾಜದ್ರೋಹದ ಆರೋಪ ಹೊರಿಸಿತು. 1588ರಲ್ಲಿ ಕ್ಯಾಥೊಲಿಕ್ ಸ್ಪೇನಿನ ನೌಕಾಪಡೆ ದಾಳಿಗೆ ಬಂದಾಗ ಇಂಗ್ಲಿಷ್ ಕ್ಯಾಥೊಲಿಕರು ದಂಗೆ ಏಳಲಿಲ್ಲ. ಆದರೂ ಅದೇ ವರ್ಷ ಹಲವು ಪಾದ್ರಿಗಳು ಗಲ್ಲಿಗೇರಿದರು.