ನೋಡಿದರೆ ಅರ್ಥವಾಗುತ್ತೆ, ಬರೆಯಲು ಕೂತರೆ ಕೈ ಓಡಲ್ಲ

(ಸಲಹೆ ಕೇಳಿ ನನ್ನ ಬಳಿ ಬಂದ ಒಬ್ಬ ಮಹಿಳೆಯ ವಿಷಯ ಇದು, ಅವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಆಕೆಗೆ ಮೂವತ್ತು ದಾಟಿದೆ. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಡೇಟಾ ಸೈನ್ಸ್ (ಮಾಹಿತಿಯನ್ನು ವಿಶ್ಲೇಷಿಸುವ ಕೆಲಸ) ಕಡೆ ಹೋಗಬೇಕೆಂದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದರು. ನನ್ನ ಬಳಿ ಬಂದದ್ದು ಮಾತ್ರ ನಿದ್ದೆ ಬರುತ್ತಿಲ್ಲ ಅಂತ. ಮಾತಾಡುತ್ತಾ ಕಾರಣ ಹೊರಬಂತು.

"ವೀಡಿಯೋ ನೋಡುವಾಗ ಎಲ್ಲಾ ಅರ್ಥ ಆಗುತ್ತೆ ಮೇಡಂ. ಖಾಲಿ ಸ್ಕ್ರೀನ್ ಮುಂದೆ ಕೂತರೆ ಒಂದು ಸಾಲೂ ಬರಲ್ಲ. ನನಗೆ ಇದಕ್ಕೆ ತಲೆ ಇಲ್ಲ ಅನ್ಸುತ್ತೆ."

ಬರೆಯಲು ಬರಲಿಲ್ಲ ಅಂತ ಇನ್ನೊಂದು ಕೋರ್ಸ್, ಅದೂ ಆಗಲಿಲ್ಲ ಅಂತ ಮತ್ತೊಂದು. ಪೈಥಾನ್ ಬದಲು ಆರ್ (R) ಎಂಬ ಇನ್ನೊಂದು ಭಾಷೆ ಕಲಿಯಬೇಕಿತ್ತಾ ಎಂಬ ಚಿಂತೆ ಬೇರೆ.

ತಲೆ ಇಲ್ಲ ಎಂಬ ಮಾತನ್ನು ನಾನು ಒಪ್ಪಲಿಲ್ಲ. ನೋಡಿ ಅರ್ಥ ಮಾಡಿಕೊಳ್ಳುವುದು ಬೇರೆ, ನೆನಪಿನಿಂದ ತೆಗೆದು ಬರೆಯುವುದು ಬೇರೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ವಿದ್ಯಾರ್ಥಿಗಳಲ್ಲಿ ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ, ಪಾಠವನ್ನು ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರು ಮುಂದಿದ್ದರು. ಈಕೆ ಮಾಡುತ್ತಿದ್ದದ್ದು ಬರೀ ಮೊದಲ ಬಗೆಯ ಅಭ್ಯಾಸ. ಇದನ್ನು ಹೇಳಿದಾಗ ಅವರು ಸ್ವಲ್ಪ ಹಗುರಾದರು.

ಹೊಸ ಕೋರ್ಸ್ ಬೇಡ ಎಂದೆ. ಭಾಷೆಯನ್ನೂ ಬದಲಿಸಬೇಡಿ. ಫೈಲ್ ತೆರೆಯುವುದು, ಬೇಕಾದ ಸಾಲು ಆರಿಸುವುದು, ಗುಂಪು ಮಾಡಿ ಕೂಡುವುದು, ಗ್ರಾಫ್ ಎಳೆಯುವುದು: ಶುರುವಿನ ಕೆಲಸ ಎರಡರಲ್ಲೂ ಇದೇ. ಎಕ್ಸೆಲ್‌ನಲ್ಲಿ ಪಿವಟ್ ಟೇಬಲ್ (ಗುಂಪು ಮಾಡಿ ಮೊತ್ತ ತೋರಿಸುವ ಪಟ್ಟಿ) ಮಾಡಿ ಪಳಗಿದವರಿಗೆ, ಪೈಥಾನ್‌ನಲ್ಲಿ ಪಟ್ಟಿಗಳನ್ನು ನಿಭಾಯಿಸುವ ಪಾಂಡಾಸ್ ಎಂಬ ಸಾಧನದ ಗ್ರೂಪ್‌ಬೈ ಹೊಸ ವಿಚಾರವೇ ಅಲ್ಲ, ಬರೆಯುವ ರೀತಿ ಮಾತ್ರ ಹೊಸದು. ಅವರಿಗೆ ಡೇಟಾ ಬಗ್ಗೆ ಯೋಚಿಸುವುದು ಮೊದಲೇ ಗೊತ್ತಿತ್ತು. ಆದರೆ ಅದನ್ನು ಅವರು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಒಂದೇ ಪ್ರಶ್ನೆ ಇಟ್ಟುಕೊಳ್ಳಲು ಹೇಳಿದೆ, ಅದೂ ಅವರದೇ ಪ್ರಶ್ನೆ. ಮನೆಖರ್ಚಿನ ಪಟ್ಟಿ ಅವರ ಹತ್ತಿರ ಇತ್ತು. ಯಾವ ತಿಂಗಳು ಯಾವುದಕ್ಕೆ ಜಾಸ್ತಿ ಹೋಯಿತು? ಮೊದಲು ಹಂತಗಳನ್ನು ಕನ್ನಡದಲ್ಲೇ ಬರೆಯಿರಿ. ಸಾಲಿನ ಮುಂದೆ ಹ್ಯಾಶ್ ಚಿಹ್ನೆ ಹಾಕಿದರೆ ಪೈಥಾನ್ ಅದನ್ನು ಓದದೆ ಮುಂದೆ ಹೋಗುತ್ತದೆ. ಆಮೇಲೆ ಒಂದೊಂದರ ಕೆಳಗೂ ಕೋಡ್ ತುಂಬಿ. ಮರೆತರೆ ಹುಡುಕಿ ನೋಡಿ. ಆದರೆ ಆ ಕಿಟಕಿ ಮುಚ್ಚಿ, ಕೈಯಿಂದಲೇ ಟೈಪ್ ಮಾಡಿ. ಕಾಪಿ-ಪೇಸ್ಟ್ ಬೇಡ.

ಮುಂದಿನ ಭೇಟಿಗೆ ಬಂದಾಗ ಮುಖ ಬಾಡಿತ್ತು. ಕೀ ಎರರ್ (ಕೇಳಿದ ಹೆಸರು ಸಿಗದಾಗ ಪೈಥಾನ್ ತೋರಿಸುವ ದೋಷ) ಬಂದು ಕೆಲಸ ನಿಂತಿತ್ತು. ಆ ಕೆಂಪಕ್ಷರ ಕಂಡ ಕೂಡಲೇ ಯಾರೋ ಬೈದ ಹಾಗೆ ಆಗುತ್ತಿತ್ತಂತೆ. ಈ ಅಂಜಿಕೆಯೇ ಹೆಚ್ಚಿನವರನ್ನು ಅರ್ಧದಲ್ಲಿ ನಿಲ್ಲಿಸುವುದು ಎಂದು ನನ್ನ ನಂಬಿಕೆ. ಲ್ಯಾಪ್‌ಟಾಪ್ ತೆಗೆಸಿದೆ. ಮೊದಲು ಕೊನೆಯ ಸಾಲು ಓದಿ ಎಂದೆ. 'ಮೊತ್ತ' ಎಂಬ ಕಾಲಂ ಸಿಗುತ್ತಿಲ್ಲ ಎಂದಷ್ಟೇ ಅಲ್ಲಿತ್ತು. "ಇದೆಯಲ್ಲಾ ಮೇಡಂ!" ಎಂದರು. ಕಾಲಂಗಳ ಹೆಸರನ್ನು ಪ್ರಿಂಟ್ ಮಾಡಿಸಿದೆ. 'ಮೊತ್ತ'ದ ಕೊನೆಗೆ ಒಂದು ಸ್ಪೇಸ್ ಸೇರಿಕೊಂಡಿತ್ತು. ಅಕ್ಷರಗಳ ಹಿಂದೆ ಮುಂದೆ ಇರುವ ಸ್ಪೇಸ್ ತೆಗೆಯುವ ಸ್ಟ್ರಿಪ್ ಎಂಬ ಆದೇಶ ಬಳಸಿ ತೆಗೆದದ್ದೇ ತಡ, ಕೋಡ್ ಓಡಿತು. ಅವರು ನಕ್ಕರು. ವರ್ಷಗಟ್ಟಲೆ ಈ ಕೆಲಸ ಮಾಡಿದವರಿಗೂ ಇಂಥ ಸ್ಪೇಸ್ ಕಾಟ ಕೊಡುತ್ತದೆ, ಇದಕ್ಕೂ ಬುದ್ಧಿಗೂ ಸಂಬಂಧವಿಲ್ಲ ಎಂದು ಒತ್ತಿ ಹೇಳಿದೆ.

ಸಿಕ್ಕ ಎರರ್‌ಗಳನ್ನು ಕಾರಣದ ಜೊತೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಹೇಳಿದೆ. ಮಲಗುವ ಮುಂಚಿನ ಒಂದು ಗಂಟೆ ಲ್ಯಾಪ್‌ಟಾಪ್ ಮುಟ್ಟಬಾರದು ಎಂದೂ ಹೇಳಿದೆ. ನಿದ್ದೆ ಸುಧಾರಿಸಿದೆ. ಖರ್ಚಿನ ಗ್ರಾಫ್ ಅವರೇ ಎಳೆದಿದ್ದಾರೆ.

ಈಗಿನ ಕೆಲಸ ಬಿಡಲೇ ಎಂದು ಮೊನ್ನೆ ಕೇಳಿದರು. ಈಗಲೇ ಬೇಡ ಎಂದೆ. ಮುಂದಿನ ಹೆಜ್ಜೆ ಎಸ್‌ಕ್ಯುಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ), ಮಷೀನ್ ಲರ್ನಿಂಗ್ (ಡೇಟಾದಿಂದ ಕಂಪ್ಯೂಟರ್ ತಾನೇ ಕಲಿಯುವಂತೆ ಮಾಡುವುದು) ಆಮೇಲೆ ನೋಡೋಣ. ಆಫೀಸಿನಲ್ಲಿ ಪ್ರತಿ ತಿಂಗಳು ಕೈಯಲ್ಲೇ ಮಾಡುವ ಒಂದು ವರದಿಯನ್ನು, ಮೇಲಿನವರ ಅನುಮತಿ ಪಡೆದು, ಪೈಥಾನ್‌ನಲ್ಲಿ ಮಾಡಿ ನೋಡುವುದು ಈಗ ಹಿಡಿದಿರುವ ಕೆಲಸ.