ಮೆಲ್ಬರ್ನ್‌ಗೆ ಹೊರಟಿರುವ ಸೋದರಿಗೆ

ಬ್ಯಾಂಕಿನ ಅಧಿಕಾರಿ ಹುದ್ದೆಯನ್ನು ಬಿಟ್ಟು, ಪತಿಯೊಂದಿಗೆ ಕಾಯಂ ವಾಸದ ವೀಸಾ ಪಡೆದು ಮುಂದಿನ ತಿಂಗಳು ಇಲ್ಲಿಗೆ ಬರುತ್ತಿರುವುದಾಗಿ ಬರೆದಿದ್ದೀರಿ. ‘44 ತುಂಬಿದ ಮೇಲೆ ಅಲ್ಲಿ ನನ್ನದೆನ್ನುವ ಕೆಲಸವೊಂದು ಸಿಗುತ್ತದೆಯೇ, ಇಲ್ಲವೇ ಮನೆಯಲ್ಲಿ ಕುಳಿತೇ ಮುದುಕಿಯಾಗುತ್ತೇನೆಯೇ?’ ಎಂದು ಕೇಳಿದ್ದೀರಿ. 2014ರಲ್ಲಿ ಮೆಲ್ಬರ್ನ್‌ಗೆ ಬಂದಾಗ ನನಗೆ 43 ವರ್ಷ. ಅಲ್ಲಿಯವರೆಗೆ ಹಾಸನದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಇದೇ ಪ್ರಶ್ನೆಯನ್ನು ಕೇಳಲು ಆಗ ನನಗೆ ಯಾರೂ ಇರಲಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಮೊದಲ ಕೆಲವು ವರ್ಷಗಳನ್ನು ನಾನು ಬಿಟ್ಟುಬಂದ ಕುರ್ಚಿಯನ್ನೇ ಇಲ್ಲಿ ಹುಡುಕುವುದರಲ್ಲಿ ಕಳೆದೆ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಶಾಲೆಗಳಲ್ಲಿ ಪಾಠ ಮಾಡಲು ಶಿಕ್ಷಕರ ನೋಂದಣಿ ಬೇಕು. ಅದಕ್ಕೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯ ಓದು ಮತ್ತು ಬರಹದಲ್ಲಿ 7, ಆಲಿಸುವುದು ಮತ್ತು ಮಾತಿನಲ್ಲಿ 8 ಬರಬೇಕಿತ್ತು. ಮಾತಿನ ಭಾಗದಲ್ಲಿ ಎರಡು ಸಲವೂ ನನಗೆ 7 ಬಂತು. ಇಪ್ಪತ್ತು ವರ್ಷ ತರಗತಿಯಲ್ಲಿ ನಿಂತು ಮಾತನಾಡಿದವಳಿಗೆ ಮಾತೇ ಸಾಲದೆಂಬ ಆ ಫಲಿತಾಂಶದಿಂದ ನಾನು ಎಷ್ಟು ಕುಗ್ಗಿದೆನೆಂದರೆ, ಊರಿಗೆ ಫೋನ್ ಮಾಡುವುದನ್ನೂ ಕಡಿಮೆ ಮಾಡಿದ್ದೆ.

2019ರಲ್ಲಿ ರಾಜ್ಯ ಸರ್ಕಾರವು ಟ್ಯಾಫ್ ಎಂಬ ವೃತ್ತಿಶಿಕ್ಷಣ ಸಂಸ್ಥೆಗಳಲ್ಲಿ ಕೆಲವು ಕೋರ್ಸುಗಳ ಬೋಧನಾ ಶುಲ್ಕವನ್ನು ತೆಗೆದುಹಾಕಿತು. ಅವುಗಳಲ್ಲಿ ವೃದ್ಧರ ಆರೈಕೆಗೆ ಸಂಬಂಧಿಸಿದ ಸರ್ಟಿಫಿಕೇಟ್ 3 ಕೋರ್ಸೂ ಒಂದು. 48ನೇ ವಯಸ್ಸಿನಲ್ಲಿ, ನನ್ನ ವಿದ್ಯಾರ್ಥಿಗಳ ವಯಸ್ಸಿನವರ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತೆ. ಆ ಕೋರ್ಸಿನಲ್ಲಿ ಕನಿಷ್ಠ 120 ಗಂಟೆ ವೃದ್ಧಾಶ್ರಮದಂಥ ಕಡೆ ನಿಂತು ಕೆಲಸ ಮಾಡಬೇಕು. ನನ್ನ ಬದುಕು ಹೊರಳಿದ್ದು ಅಲ್ಲಿ.

ಎರಡನೇ ಮಹಾಯುದ್ಧದ ನಂತರ ಇಟಲಿ, ಗ್ರೀಸ್‌ಗಳಿಂದ ಈ ನಗರಕ್ಕೆ ಬಂದ ಲಕ್ಷಾಂತರ ಜನರಲ್ಲಿ ಅನೇಕರು ಈಗ ಹಣ್ಣಾಗಿದ್ದಾರೆ. ಮರೆವಿನ ಕಾಯಿಲೆ ಬಂದಾಗ ಅವರಲ್ಲಿ ಹಲವರಿಗೆ ನಂತರ ಕಲಿತ ಇಂಗ್ಲಿಷ್ ಮೊದಲು ಅಳಿಸಿಹೋಗಿ, ತಾಯ್ನುಡಿ ಮಾತ್ರ ಉಳಿಯುತ್ತದೆ. ನಾನು ನೋಡಿಕೊಳ್ಳುತ್ತಿದ್ದ ಇಟಲಿಯ ಅಜ್ಜಿಯೊಬ್ಬರು ಬೆಳಗಿನ ಹೊತ್ತು ‘ಫ್ರೆದ್ದೋ, ಫ್ರೆದ್ದೋ’ ಎಂದು ಅಳುತ್ತಿದ್ದರು. ಅದು ಯಾರದೋ ಹೆಸರೆಂದು ನಾವೆಲ್ಲ ತಿಳಿದಿದ್ದೆವು. ಒಂದು ಭಾನುವಾರ ಅವರ ಮಗಳನ್ನು ಕೇಳಿದಾಗ, ‘ಅಮ್ಮನಿಗೆ ಚಳಿಯಾಗುತ್ತಿದೆ’ ಎಂದರು. ಅಂದಿನಿಂದ ನನ್ನ ಜೇಬಿನ ಪುಸ್ತಕದಲ್ಲಿ ನೀರು, ನೋವು, ಹಸಿವು, ಹೊದಿಕೆ ಎಂಬ ಪದಗಳನ್ನು ಇಟಾಲಿಯನ್ ಮತ್ತು ಗ್ರೀಕ್‌ನಲ್ಲಿ, ಕನ್ನಡ ಅಕ್ಷರಗಳಲ್ಲೇ ಬರೆದುಕೊಂಡೆ. ಮುಂದೊಂದು ದಿನ ಇದೇ ನಗರದಲ್ಲಿ ನಾನೂ ‘ಚಳಿ, ಚಳಿ’ ಎಂದು ಅಳಬಹುದಲ್ಲವೇ ಎಂಬ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಊರಿನಲ್ಲಿರುವ ನನ್ನ ಅಕ್ಕ, ‘ಇಷ್ಟು ಓದಿ ಮುದುಕರ ಮೈ ತೊಳೆಯೋಕೆ ಹೋದೆಯಾ?’ ಎಂದು ನೊಂದುಕೊಂಡಳು. ನಿಮ್ಮವರೂ ಹಾಗೆ ಹೇಳಬಹುದು. ಅತ್ತೆಯವರು ಹಾಸಿಗೆ ಹಿಡಿದಾಗ ಇದೇ ಕೆಲಸವನ್ನು ಎರಡು ವರ್ಷ ಮಾಡಿದ್ದೆ, ಆಗ ಎಲ್ಲರೂ ಅದನ್ನು ಪುಣ್ಯವೆಂದರು ಎಂದು ಅವಳಿಗೆ ನೆನಪಿಸಿದೆ.

ಎಲ್ಲರೂ ಇದೇ ಕೆಲಸಕ್ಕೆ ಬರಬೇಕೆಂದು ನಾನು ಹೇಳುವುದಿಲ್ಲ. ಬೆನ್ನು ಗಟ್ಟಿಯಿರಬೇಕು, ಬೆಳಗಿನ ಪಾಳಿ ಏಳಕ್ಕೆ ಶುರುವಾಗುವುದರಿಂದ ಕಾರು ಓಡಿಸಲು ಬರಬೇಕು, ನಾನು ಅದನ್ನೂ 48ರಲ್ಲೇ ಕಲಿತೆ. ಆದರೆ ಅರೆಕಾಲಿಕವಾದರೂ ಯಾವುದಾದರೊಂದು ಸಂಬಳದ ಕೆಲಸಕ್ಕೆ ಬೇಗ ಸೇರಿಕೊಳ್ಳಿ. ಸಂಬಳದ ಮೇಲೆ ಶೇ. 12ರಷ್ಟನ್ನು ಉದ್ಯೋಗದಾತರು ನಿಮ್ಮ ನಿವೃತ್ತಿ ನಿಧಿಗೆ ಕಟ್ಟುತ್ತಾರೆ; ಸರ್ಕಾರದ ವೃದ್ಧಾಪ್ಯ ಪಿಂಚಣಿ ಸಿಗುವುದು 67ಕ್ಕೆ, ಅದೂ ಸಾಮಾನ್ಯವಾಗಿ ಇಲ್ಲಿ 10 ವರ್ಷ ನೆಲೆಸಿದವರಿಗೆ, ಆದಾಯ ಮತ್ತು ಆಸ್ತಿಯನ್ನು ನೋಡಿದ ಮೇಲೆ.

ಬಿಟ್ಟೆನೆಂದುಕೊಂಡಿದ್ದ ಪಾಠ ಬೇರೆ ದಾರಿಯಲ್ಲಿ ಮರಳಿ ಬಂತು. 1973ರಲ್ಲಿ ಫ್ರಾನ್ಸಿನ ತುಲೂಸ್‌ನಲ್ಲಿ ಆರಂಭವಾಗಿ, 1984ರಲ್ಲಿ ಮೆಲ್ಬರ್ನ್‌ಗೂ ಬಂದ ‘ಯೂನಿವರ್ಸಿಟಿ ಆಫ್ ದ ಥರ್ಡ್ ಏಜ್’ ಎಂಬ ವ್ಯವಸ್ಥೆಯಿದೆ; ನಿವೃತ್ತರು ಪರೀಕ್ಷೆ, ಪದವಿಗಳ ಹಂಗಿಲ್ಲದೆ ಒಬ್ಬರಿಗೊಬ್ಬರು ಕಲಿಸುತ್ತಾರೆ. ಅದರ ನಮ್ಮ ಬಡಾವಣೆಯ ಶಾಖೆಯಲ್ಲಿ ಬುಧವಾರ ಮಧ್ಯಾಹ್ನ ನಾನು ಗಣಿತ ಹೇಳುತ್ತೇನೆ. ಎಪ್ಪತ್ತು ದಾಟಿದ ಬಡಗಿಯೊಬ್ಬರು ಕಳೆದ ವರ್ಷ ಪೈಥಾಗೊರಸ್ ಪ್ರಮೇಯವನ್ನು ತಾವೇ ಸಾಧಿಸಿ ತೋರಿಸಿ, ಜೀವಮಾನವಿಡೀ ಮೂಲೆಮಟ್ಟ ಹಿಡಿದು ಕೆಲಸ ಮಾಡಿದರೂ ಅದರ ಕಾರಣ ಇಂದು ತಿಳಿಯಿತು ಎಂದಾಗ, ನನ್ನ ಉಚ್ಚಾರಣೆಗೆ ಎಷ್ಟು ಅಂಕ ಬಂದಿತ್ತೆಂಬುದು ನೆನಪಿಗೂ ಬರಲಿಲ್ಲ.

ಹೊರಡುವ ಮುನ್ನ ವಿಶ್ವವಿದ್ಯಾಲಯದಿಂದ ಅಂಕಪಟ್ಟಿಗಳ ದೃಢೀಕೃತ ಪ್ರತಿಗಳನ್ನೂ, ಬ್ಯಾಂಕಿನಿಂದ ನೀವು ಮಾಡುತ್ತಿದ್ದ ಕೆಲಸಗಳ ವಿವರವಿರುವ ಅನುಭವ ಪತ್ರವನ್ನೂ ತೆಗೆದುಕೊಳ್ಳಿ. ಇಲ್ಲಿಂದ ತರಿಸಿಕೊಳ್ಳಲು ನನಗೆ ಏಳು ತಿಂಗಳು ಹಿಡಿಯಿತು. ಬಂದ ಮೇಲೆ ಒಂದು ಬುಧವಾರ ನಮ್ಮ ತರಗತಿಗೆ ಬನ್ನಿ. ಚಕ್ರಬಡ್ಡಿಯ ಲೆಕ್ಕವನ್ನು ಬ್ಯಾಂಕಿನಲ್ಲಿದ್ದವರ ಬಾಯಿಂದಲೇ ಕೇಳಬೇಕೆಂದು ತರಗತಿಯವರು ಬಹಳ ದಿನಗಳಿಂದ ಹೇಳುತ್ತಿದ್ದಾರೆ.