ಆಫೀಸಿನ ಹಳೇ ಡೆಸ್ಕ್‌ಟಾಪ್‌ಗೆ ವಿಂಡೋಸ್ 11 ಹಾಕಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಪುಣೆಯ ಭೋಸರಿಯಲ್ಲಿ ಸಣ್ಣ ವರ್ಕ್‌ಶಾಪ್. ಆಫೀಸಿನಲ್ಲಿ 2016ರಲ್ಲಿ ಕೊಂಡ ಡೆಸ್ಕ್‌ಟಾಪ್, 6ನೇ ಜನರೇಶನ್ ಐ5. ವಿಂಡೋಸ್ 10ರ ಕಾಲ ಮುಗಿಯಿತು. 11 ಹಾಕಲು ಹೋದರೆ ಈ ಕಂಪ್ಯೂಟರಿಗೆ ಆಗಲ್ಲ ಅನ್ನುತ್ತದೆ. ಅಂಗಡಿಯವರು ಹೊಸದು ತಗೊಳ್ಳಿ ಅನ್ನುತ್ತಾರೆ. ಇದಕ್ಕೇ ಹಾಕಿದರೆ ನಡೆಯುತ್ತದಾ?

ನಡೆಯುತ್ತದೆ. ಆದರೆ ಶುರು ಮಾಡುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ಹಾರ್ಡ್ ಡಿಸ್ಕನ್ನು ಹೇಗೆ ಪಾಲು ಮಾಡಿದ್ದಾರೆ ಅನ್ನುವುದು ಒಂದು. ಆಫೀಸಿನಲ್ಲಿ ಡಾಸ್ (ವಿಂಡೋಸಿಗೂ ಮುಂಚಿನ ವ್ಯವಸ್ಥೆ) ಕಾಲದ ಪ್ರೋಗ್ರಾಂ ಯಾವುದಾದರೂ ಇನ್ನೂ ಓಡುತ್ತಿದೆಯಾ ಅನ್ನುವುದು ಇನ್ನೊಂದು. ನನ್ನ ಎರಡು ಭಾನುವಾರ ತಿಂದದ್ದು ಇವೇ.

ನಾನು ಮುಂಬೈಯ ಮಸ್ಜಿದ್ ಬಂದರಿನ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲೆಕ್ಕ ಬರೆಯುವವನು. ಕಂಪ್ಯೂಟರ್ ಓದಿದವನಲ್ಲ. ಪ್ರಿಂಟರಿಗೆ ರಿಬ್ಬನ್ ಹಾಕಲು ಬರುತ್ತದೆ ಅನ್ನುವ ಒಂದೇ ಕಾರಣಕ್ಕೆ ಅಲ್ಲಿನ ಕಂಪ್ಯೂಟರೆಲ್ಲ ನನ್ನ ತಲೆಗೆ ಬಂದಿವೆ. ಮಾಲಕರು ವಿಜಯಪುರದ ಕಡೆಯವರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಅಪ್‌ಡೇಟ್ ನಿಲ್ಲುತ್ತದೆ ಅಂತ ಹೇಳಿದಾಗ ಅವರು ಕೇಳಿದ್ದು, "ಅವತ್ತ ಮಶೀನ್ ಬಂದ್ ಆಗ್ತಾವೇನು?" ಬಂದ್ ಆಗೋದಿಲ್ಲ ಅಂದೆ. "ಹಂಗಾದ್ರ ನಡೀಲಿ ಬಿಡ್ರಿ." ಬ್ಯಾಂಕು, ಜಿಎಸ್‌ಟಿ, ಇ-ವೇ ಬಿಲ್ಲು ಎಲ್ಲ ಅದರಲ್ಲೇ ಆಗುವುದು ಅಂತ ನೆನಪಿಸಿದೆ. ಎರಡು ದಿನ ಬಿಟ್ಟು, "ರೊಕ್ಕ ಜಾಸ್ತಿ ಹೋಗಬಾರದು ನೋಡ್ರಿ" ಅಂದರು. ಅದೇ ಪರ್ಮಿಷನ್.

ಮೊದಲು, ಅದು ಯಾಕೆ ಆಗಲ್ಲ ಅನ್ನುತ್ತದೆ ನೋಡಿ. ವಿಂಡೋಸ್ 11 ಕೇಳುವುದು ಮುಖ್ಯವಾಗಿ ಮೂರು. ಟಿಪಿಎಂ 2.0, ಅಂದರೆ ಕೀಲಿಗಳನ್ನು ಭದ್ರವಾಗಿ ಇಡುವ ಚಿಪ್. ಸೆಕ್ಯೂರ್ ಬೂಟ್ (ನಂಬಿಕೆಯ ಪ್ರೋಗ್ರಾಮನ್ನು ಮಾತ್ರ ಎಬ್ಬಿಸುವುದು) ಮಾಡಬಲ್ಲ ಯುಇಎಫ್‌ಐ, ಅಂದರೆ ಕಂಪ್ಯೂಟರನ್ನು ಎಬ್ಬಿಸುವ ಹೊಸ ಪದ್ಧತಿ. ಇಂಟೆಲ್ ಆದರೆ 8ನೇ ಜನರೇಶನ್ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್. ನಿಮ್ಮ 6ನೇ ಜನರೇಶನ್‌ನಲ್ಲಿ ಮೊದಲ ಎರಡು ಸಾಮಾನ್ಯವಾಗಿ ಇದ್ದೇ ಇರುತ್ತವೆ, ಬಯಾಸ್‌ನಲ್ಲಿ (ವಿಂಡೋಸ್ ಏಳುವ ಮೊದಲೇ ಸಿಗುವ ಸೆಟ್ಟಿಂಗ್ ಪರದೆ) ಆಫ್ ಮಾಡಿ ಇಟ್ಟಿರುತ್ತಾರೆ ಅಷ್ಟೇ. ಪಟ್ಟಿಯಲ್ಲಿ ಇಲ್ಲದ್ದು ಪ್ರೊಸೆಸರ್ ಒಂದೇ. ಅದನ್ನು ದಾಟಲು ದಾರಿ ಇದೆ.

ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎಂಎಸ್‌ಇನ್ಫೋ32 ಅಂತ ಹೊಡೆಯಿರಿ. ಅಲ್ಲಿ ಬಯಾಸ್ ಮೋಡ್ ಎದುರು ಯುಇಎಫ್‌ಐ ಅಂತಿದ್ದರೆ ನೀವು ಪುಣ್ಯವಂತರು. ಲೆಗಸಿ, ಅಂದರೆ ಹಳೇ ಪದ್ಧತಿ, ಅಂತಿದ್ದರೆ ನನ್ನ ಜೊತೆ ಕೂತುಕೊಳ್ಳಿ. ಅದೇ ಪರದೆಯಲ್ಲಿ ಸಿಸ್ಟಂ ಟೈಪ್ ಎದುರು ಎಕ್ಸ್64 ಅಂತ ಇದೆಯಾ, ಎಕ್ಸ್86 ಅಂತ ಇದೆಯಾ ಅದನ್ನೂ ಬರೆದಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. ಟಿಪಿಎಂಗಾಗಿ ಬಯಾಸ್ ಒಳಗೆ ಹೋಗಿ: ಡೆಲ್ ಆದರೆ ಆನ್ ಮಾಡುವಾಗ ಎಫ್2, ಎಚ್‌ಪಿ ಆದರೆ ಎಫ್10, ಲೆನೊವೊ ಆದರೆ ಹೆಚ್ಚಾಗಿ ಎಫ್1. ಟಿಪಿಎಂ ಅಂತಲೋ ಪಿಟಿಟಿ ಅಂತಲೋ ಬರೆದಿರುತ್ತದೆ, ಎನೇಬಲ್ ಮಾಡಿ. ಕ್ಲಿಯರ್ ಅನ್ನುವುದನ್ನು ಮಾತ್ರ ಮುಟ್ಟಬೇಡಿ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಸೌಲಭ್ಯ) ಹಾಕಿದ್ದರೆ ಇಷ್ಟಕ್ಕೂ ಮೊದಲೇ ಅದನ್ನು ಸಸ್ಪೆಂಡ್ ಮಾಡಿ.

ಈಗ ಡಿಸ್ಕಿನ ಕತೆ. ನಮ್ಮಲ್ಲಿ ಅಸೆಂಬಲ್ ಮಾಡಿ ಕೊಡುವವರಿಗೆ ಒಂದು ಚಾಳಿ ಇದೆ, ಅಲ್ವಾ? ಡಿಸ್ಕ್ ಎಷ್ಟೇ ಚಿಕ್ಕದಿರಲಿ, ಸಿ, ಡಿ, ಇ, ಎಫ್ ಅಂತ ನಾಲ್ಕು ಹೋಳು ಮಾಡಿಯೇ ಕೊಡುತ್ತಾರೆ. ನನ್ನ ಲೆಕ್ಕದ ಕಂಪ್ಯೂಟರೂ ಹಾಗೇ ಇತ್ತು, ಲೆಗಸಿ ಮೋಡ್, ಎಂಬಿಆರ್ ಡಿಸ್ಕ್. ಎಂಬಿಆರ್ ಅಂದರೆ ಡಿಸ್ಕನ್ನು ಪಾಲು ಮಾಡುವ ಹಳೇ ಪದ್ಧತಿ, ಜಿಪಿಟಿ ಹೊಸದು. ಯುಇಎಫ್‌ಐಗೆ ಜಿಪಿಟಿ ಬೇಕು. ಇದನ್ನು ಬದಲಿಸಲು ವಿಂಡೋಸ್ 10ರಲ್ಲೇ ಎಂಬಿಆರ್2ಜಿಪಿಟಿ ಅನ್ನುವ ಕಮಾಂಡ್ ಇದೆ, ಡೇಟಾ ಅಳಿಸುವುದಿಲ್ಲ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಮೊದಲು ವ್ಯಾಲಿಡೇಟ್ ಅಂತ ಕೊಟ್ಟು ಆಗುತ್ತದಾ ಕೇಳಬೇಕು, ಆಮೇಲೆ ಕನ್ವರ್ಟ್. ಎರಡರ ಜೊತೆಗೂ ಅಲೋಫುಲ್‌ಓಎಸ್ ಅನ್ನುವುದನ್ನು ಸೇರಿಸಬೇಕು.

ನಾನು ವ್ಯಾಲಿಡೇಟ್ ಕೊಟ್ಟೆ, ಫೇಲ್. ಮತ್ತೆ ಕೊಟ್ಟೆ, ಫೇಲ್. ಕಾರಣ ಈ ಡಿ, ಇ, ಎಫ್. ಇವು ಸ್ವತಂತ್ರ ಪಾರ್ಟಿಶನ್‌ಗಳಲ್ಲ, ಎಕ್ಸ್‌ಟೆಂಡೆಡ್ ಅನ್ನುವ ಒಂದು ದೊಡ್ಡ ಡಬ್ಬಿಯ ಒಳಗಿನ ಡಬ್ಬಿಗಳು. ಡಿಸ್ಕಿನಲ್ಲಿ ಈ ಬಗೆ ಇದ್ದರೆ ಎಂಬಿಆರ್2ಜಿಪಿಟಿ ಮುಂದೆ ಹೋಗುವುದಿಲ್ಲ. ಪ್ರೈಮರಿ ಪಾರ್ಟಿಶನ್‌ಗಳೂ ಮೂರಕ್ಕಿಂತ ಜಾಸ್ತಿ ಇರಬಾರದು. ಸರಿ, ಮೂರೂ ಡ್ರೈವ್ ಖಾಲಿ ಮಾಡಬೇಕು. ಎಫ್ ಡ್ರೈವಿನಲ್ಲಿ 2011ರಿಂದ ಇಟ್ಟ ಲೆಕ್ಕದ ಬ್ಯಾಕಪ್. ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಕಾಪಿ ಮಾಡಿದೆ. ಕಾಪಿ ಆಯಿತು ಅಂದ ಕೂಡಲೇ ಅಳಿಸಬೇಡಿ. ನಾಲ್ಕೈದು ಫೈಲುಗಳನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ನಾನು ನೋಡಿದ್ದಕ್ಕೆ ಗೊತ್ತಾಯಿತು, ಒಂದು ವರ್ಷದ ಫೋಲ್ಡರು ಅರ್ಧವೇ ಬಂದಿತ್ತು.

ಮೂರೂ ಡ್ರೈವ್ ಡಿಲೀಟ್ ಮಾಡಿ ಮತ್ತೆ ವ್ಯಾಲಿಡೇಟ್ ಕೊಟ್ಟರೆ ಆಗಲೂ ಫೇಲ್! ಅರ್ಧ ದಿನ ಹೋಯಿತು. ಡಿಸ್ಕ್ ಮ್ಯಾನೇಜ್‌ಮೆಂಟ್ ಪರದೆಯಲ್ಲಿ ಖಾಲಿ ಜಾಗದ ಸುತ್ತ ಒಂದು ಹಸಿರು ಗೆರೆ ಇತ್ತು. ಫ್ರೀ ಸ್ಪೇಸ್ ಅಂತ ಬರೆದಿತ್ತು. ಒಳಗಿನ ಡಬ್ಬಿಗಳು ಹೋದರೂ ದೊಡ್ಡ ಡಬ್ಬಿ ಹಾಗೇ ಉಳಿದಿತ್ತು. ಅದರ ಮೇಲೂ ರೈಟ್ ಕ್ಲಿಕ್ ಮಾಡಿ ಡಿಲೀಟ್ ಕೊಟ್ಟಾಗ ಅನ್‌ಅಲೊಕೇಟೆಡ್ ಅಂತ ಕಪ್ಪಾಯಿತು. ಆಮೇಲೆ ವ್ಯಾಲಿಡೇಟ್ ಪಾಸ್, ಕನ್ವರ್ಟ್ ಕ್ಷಣದಲ್ಲಿ ಮುಗಿಯಿತು.

ಖುಷಿಯಲ್ಲಿ ರೀಸ್ಟಾರ್ಟ್ ಮಾಡಿದೆ. ಕಪ್ಪು ಪರದೆ, ಬೂಟ್ ಮಾಡಲು ಏನೂ ಸಿಗುತ್ತಿಲ್ಲ ಅಂತ ಒಂದು ಸಾಲು. ಆ ಹೊತ್ತಿಗೇ ಮಾಲಕರು ಚಹಾ ಹಿಡಿದುಕೊಂಡು ಹಿಂದೆ ಬಂದು ನಿಂತಿದ್ದರು. ಏನೂ ಮಾತಾಡಲಿಲ್ಲ, ಅದೇ ಭಯ. ಆಗಿದ್ದಿಷ್ಟೇ: ಡಿಸ್ಕ್ ಜಿಪಿಟಿ ಆಗಿತ್ತು, ಬಯಾಸ್ ಇನ್ನೂ ಲೆಗಸಿಯಲ್ಲೇ ಇತ್ತು. ಒಳಗೆ ಹೋಗಿ ಯುಇಎಫ್‌ಐ ಅಂತ ಬದಲಿಸಿದೆ, ಎದ್ದಿತು. ನೀವು ಕನ್ವರ್ಟ್ ಮಾಡಿದ ತಕ್ಷಣವೇ ಇದನ್ನು ಮಾಡಿ. ಸುಮ್ನೆ ಎದೆ ಬಡಿತ ಯಾಕೆ.

ಇಷ್ಟಾದರೆ ಉಳಿದದ್ದು ಸುಲಭ. ಪ್ರೊಸೆಸರಿನ ಷರತ್ತನ್ನು ದಾಟುವ ದಾರಿ ಇದು: ವಿಂಡೋಸಿನ ಒಳ ಸೆಟ್ಟಿಂಗ್‌ಗಳನ್ನು ಬದಲಿಸುವ ರಿಜಿಸ್ಟ್ರಿ ಎಡಿಟರ್ ತೆರೆದು, ಲೋಕಲ್ ಮಷೀನ್ ಅಡಿಯಲ್ಲಿ ಸಿಸ್ಟಂ, ಅದರೊಳಗೆ ಸೆಟಪ್, ಅದರೊಳಗೆ ಎಂಒಸೆಟಪ್ ಅನ್ನುವ ಕೀ. ಇಲ್ಲದಿದ್ದರೆ ಮಾಡಿಕೊಳ್ಳಿ. ಅದರಲ್ಲಿ 32 ಬಿಟ್ ಡಿವರ್ಡ್ ಒಂದು ಹಾಕಿ. ಹೆಸರು: ಅಲೋ ಅಪ್‌ಗ್ರೇಡ್ಸ್ ವಿತ್ ಅನ್‌ಸಪೋರ್ಟೆಡ್ ಟಿಪಿಎಂ ಆರ್ ಸಿಪಿಯು. ಇಂಗ್ಲಿಷಿನಲ್ಲಿ, ನಡುವೆ ಜಾಗ ಬಿಡದೆ ಒಂದೇ ಪದವಾಗಿ ಬರೆಯಬೇಕು. ವ್ಯಾಲ್ಯೂ 1. ಇದನ್ನು ಒಂದು ಕಾಲದಲ್ಲಿ ಮೈಕ್ರೋಸಾಫ್ಟೇ ತನ್ನ ಪುಟದಲ್ಲಿ ಹಾಕಿತ್ತು, ಆಮೇಲೆ ತೆಗೆಯಿತು. ಇದಕ್ಕೆ ಟಿಪಿಎಂ ಕನಿಷ್ಠ 1.2 ಆದರೂ ಆನ್ ಇರಬೇಕು. ಆಮೇಲೆ ಮೈಕ್ರೋಸಾಫ್ಟಿನಿಂದಲೇ ಐಎಸ್‌ಒ ಫೈಲ್ (ಇಡೀ ವಿಂಡೋಸ್ 11 ಇರುವ ಒಂದೇ ಫೈಲ್) ಇಳಿಸಿ, ಡಬಲ್ ಕ್ಲಿಕ್ ಮಾಡಿ, ಸೆಟಪ್ ಓಡಿಸಿ. ಒಂದು ಎಚ್ಚರಿಕೆ ಬರುತ್ತದೆ: ಈ ಕಂಪ್ಯೂಟರಿಗೆ ಸಪೋರ್ಟ್ ಇಲ್ಲ, ಅಪ್‌ಡೇಟ್ ಸಿಗುತ್ತದೆ ಅನ್ನುವ ಹಕ್ಕಿಲ್ಲ ಅಂತ. ಒಪ್ಪಿಕೊಂಡು ಮುಂದೆ ಹೋಗಿ. ನನ್ನ ಟ್ಯಾಲಿ, ಫೈಲುಗಳು, ಡಿಜಿಟಲ್ ಸಿಗ್ನೇಚರಿನ ಟೋಕನ್, ಎಲ್ಲ ಇದ್ದಲ್ಲೇ ಇದ್ದವು. ಲೈಸೆನ್ಸೂ ವಿಂಡೋಸ್ 10ರದ್ದೇ ಮುಂದುವರಿಯುತ್ತದೆ.

ಲೈಸೆನ್ಸ್ ಅಂದ ಕೂಡಲೇ ನೆನಪಾಯಿತು. ಹಾರ್ಡ್ ಡಿಸ್ಕಿನ ಮೇಲೆ ವಿಂಡೋಸ್ 11 ಎತ್ತಿನಗಾಡಿ ಥರ ಎಳೆಯುತ್ತಿತ್ತು. ಎಸ್‌ಎಸ್‌ಡಿ, ಅಂದರೆ ಅದಕ್ಕಿಂತ ವೇಗದ ಡಿಸ್ಕ್, ತರಲು ಮುಂಬೈಯ ಕಂಪ್ಯೂಟರ್ ಬಜಾರು ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಅಲ್ಲಿ ಒಂದು ಅಂಗಡಿಯವನು, ಐನೂರು ಕೊಡಿ, ವಿಂಡೋಸ್ 11 ಹಾಕಿ ಆಕ್ಟಿವೇಟ್ ಮಾಡಿಯೇ ಕೊಡ್ತೀನಿ ಅಂದ. ಬೇಡಪ್ಪಾ. ಯಾವ ಪ್ರೋಗ್ರಾಮಿನಿಂದ ಆಕ್ಟಿವೇಟ್ ಮಾಡುತ್ತಾನೋ, ಅದರ ಜೊತೆ ಇನ್ನೇನು ಒಳಗೆ ಬಿಡುತ್ತಾನೋ. ಬ್ಯಾಂಕಿನ ಪಾಸ್‌ವರ್ಡ್ ಹೊಡೆಯುವ ಕಂಪ್ಯೂಟರು ಅದು. ಎಸ್‌ಎಸ್‌ಡಿ ಮಾತ್ರ ತಂದು ಕ್ಲೋನ್ ಮಾಡಿದೆ, ಅಂದರೆ ಹಳೇ ಡಿಸ್ಕನ್ನು ಇದ್ದ ಹಾಗೇ ಅದಕ್ಕೆ ಕಾಪಿ ಮಾಡಿದೆ. ಅದನ್ನು ಮೊದಲೇ ತಂದು ಹೊಸದಾಗಿ ಇನ್‌ಸ್ಟಾಲ್ ಮಾಡಿದ್ದರೆ ಆ ಹಸಿರು ಗೆರೆಯ ಗೋಳೇ ಇರುತ್ತಿರಲಿಲ್ಲ. ನಿಮ್ಮದಿನ್ನೂ ಹಾರ್ಡ್ ಡಿಸ್ಕ್ ಆಗಿದ್ದರೆ ಮೊದಲ ಖರ್ಚು ಅದಕ್ಕೇ ಮಾಡಿ. ರ್ಯಾಮ್ 4 ಜಿಬಿ ಇದ್ದರೆ 8 ಮಾಡಿಸಿ.

ಎರಡನೇ ಕಂಪ್ಯೂಟರು ಬಿಲ್ಟಿ ಕೌಂಟರಿನದು. ಬಿಲ್ಟಿ ಅಂದರೆ ಲಾರಿಗೆ ಮಾಲು ಹಾಕಿದಾಗ ನಾವು ಕೊಡುವ ರಸೀದಿ. ಅದನ್ನು ಮಾಡುವ ಪ್ರೋಗ್ರಾಂ ಫಾಕ್ಸ್‌ಪ್ರೋದಲ್ಲಿ ಬರೆದದ್ದು, ಡಾಸ್ ಕಾಲದ್ದು, ನೀಲಿ ಪರದೆಯ ಮೇಲೆ ಹಳದಿ ಅಕ್ಷರ. ಬರೆದುಕೊಟ್ಟವರು ಈಗ ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಅಲ್ಲಿ ಸೆಟಪ್ ಶುರುವೇ ಆಗಲಿಲ್ಲ. ಎಂಎಸ್‌ಇನ್ಫೋ ನೋಡಿದರೆ ಎಕ್ಸ್86. ಅಂದರೆ 32 ಬಿಟ್ ವಿಂಡೋಸ್ 10. ಅದನ್ನು ಯಾರೋ ತಿಳಿದವರೇ ಹಾಕಿದ್ದರು, ಯಾಕೆಂದರೆ ಡಾಸ್ ಪ್ರೋಗ್ರಾಮುಗಳು ನೇರವಾಗಿ ಓಡುವುದು 32 ಬಿಟ್ ವಿಂಡೋಸಿನಲ್ಲಿ ಮಾತ್ರ. ವಿಂಡೋಸ್ 11ಕ್ಕೆ 32 ಬಿಟ್ ರೂಪವೇ ಇಲ್ಲ. 32 ಬಿಟ್‌ನಿಂದ ಮೇಲೆ ಹತ್ತಲು ಮೆಟ್ಟಿಲೂ ಇಲ್ಲ, ಹೊಸದಾಗಿಯೇ ಹಾಕಬೇಕು.

ರೂಫಸ್ ಅನ್ನುವ ಪುಕ್ಕಟೆ ಪ್ರೋಗ್ರಾಮಿನಿಂದ ಪೆನ್‌ಡ್ರೈವ್ ಮಾಡಿದೆ. ಟಿಪಿಎಂ, ಸೆಕ್ಯೂರ್ ಬೂಟ್ ಷರತ್ತು ತೆಗೆದುಹಾಕಲಾ ಅಂತ ಅದೇ ಕೇಳುತ್ತದೆ, ಟಿಕ್ ಹಾಕಿದರೆ ಸಾಕು. ಡಿಸ್ಕ್ ತಾನಾಗಿ ಎನ್‌ಕ್ರಿಪ್ಟ್ ಆಗುವುದನ್ನು ತಡೆಯುವ ಟಿಕ್ ಕೂಡ ಅಲ್ಲೇ ಇದೆ. ಡಾಸ್ ಪ್ರೋಗ್ರಾಮನ್ನು 64 ಬಿಟ್ ವಿಂಡೋಸಿನಲ್ಲೂ ಓಡಿಸುವ ವಿಡಾಸ್ ಅನ್ನುವುದನ್ನು ಹಾಕಿದೆ. ಆಟಕ್ಕೆ ಡಾಸ್‌ಬಾಕ್ಸ್ ಇದ್ದ ಹಾಗೆ, ಆಫೀಸಿನ ಹಳೇ ಪ್ರೋಗ್ರಾಮುಗಳಿಗೆ ಇದು. ನೀಲಿ ಪರದೆ ಬಂತು, ಹಳೇ ಬಿಲ್ಟಿಗಳೂ ಕಂಡವು. ಪ್ರಿಂಟ್ ಕೊಟ್ಟೆ, ಪ್ರಿಂಟರ್ ಅಲ್ಲಾಡಲಿಲ್ಲ, ಪರದೆ ಮೇಲೆ ನೋಟ್‌ಪ್ಯಾಡ್ ತೆರೆಯಿತು!

ಬಿಲ್ಟಿಗೆ ಕಾರ್ಬನ್ ಬೇಕು. ಮಾಲು ಕಳಿಸುವವರಿಗೆ ಒಂದು, ಪಡೆಯುವವರಿಗೆ ಒಂದು, ಡ್ರೈವರಿಗೆ ಒಂದು, ಆಫೀಸಿಗೆ ಒಂದು. ಅದಕ್ಕೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. ಅದನ್ನು ವಿಂಡೋಸಿನ ಡ್ರೈವರ್ ಮೂಲಕ ಕೊಟ್ಟು ನೋಡಿದೆ. ಬಂತು, ಆದರೆ ಎರಡು ಸಾಲು ಕೆಳಗೆ ಜಾರಿ. ಮೊದಲೇ ಅಚ್ಚಾದ ಕಾಗದ ಅಲ್ವಾ, ತೂಕ ಹೋಗಿ ಬಾಡಿಗೆಯ ಮನೆಯಲ್ಲಿ ಕೂತಿತು. ಮಾಲಕರು ಕನ್ನಡಕ ಏರಿಸಿ ನೋಡಿ, "ಒಂಬತ್ತು ಟನ್ನಿಗೆ ಒಂಬತ್ತು ರೂಪಾಯಿ ಬಾಡಿಗಿ? ಚಲೋ ಧಂದಾ ಹಚ್ಚೀರಿ" ಅಂದರು. ಕೊನೆಗೆ ವಿಡಾಸಿನ ಕಾನ್‌ಫಿಗ್ ಫೈಲಿನಲ್ಲಿ ಎಲ್‌ಪಿಟಿ1 (ಡಾಸ್ ಪ್ರೋಗ್ರಾಂ ಪ್ರಿಂಟ್ ಕಳಿಸುವ ದಾರಿ) ಅನ್ನು ನೇರ ಪ್ರಿಂಟರಿಗೆ ತೋರಿಸಿದೆ. ನಡುವೆ ಡ್ರೈವರ್ ತನ್ನ ಮಾರ್ಜಿನ್, ತನ್ನ ಪುಟದ ಅಳತೆ ಸೇರಿಸುವುದು ತಪ್ಪಿತು. ಈಗ ಸರಿಯಾಗಿ ಬೀಳುತ್ತದೆ. ನಿಮ್ಮ ವರ್ಕ್‌ಶಾಪಿನಲ್ಲಿ ಚಲನ್ ಹೀಗೇ ಹೊಡೆಯುತ್ತಿದ್ದರೆ, ಹಳೇ ಡಿಸ್ಕನ್ನು ಅಳಿಸದೆ ಒಂದು ತಿಂಗಳು ಪಕ್ಕದಲ್ಲಿ ಇಟ್ಟುಕೊಳ್ಳಿ.

ಗೋಡೌನಿನಲ್ಲಿ ಇನ್ನೊಂದಿತ್ತು, ಇಂಟೆಲಿನ ತುಂಬಾ ಹಳೇ ಪ್ರೊಸೆಸರ್ ಕೋರ್ 2 ಡ್ಯುಯೋ. ಅದಕ್ಕೆ ಪ್ರಯತ್ನವನ್ನೇ ಮಾಡಲಿಲ್ಲ. 24ಎಚ್2 ಅನ್ನುವ 2024ರ ವರ್ಶನ್‌ನಿಂದ ವಿಂಡೋಸ್ 11ಕ್ಕೆ ಪಾಪ್‌ಕೌಂಟ್ ಅನ್ನುವ ಒಂದು ಇನ್‌ಸ್ಟ್ರಕ್ಷನ್ ಪ್ರೊಸೆಸರಿನಲ್ಲೇ ಇರಬೇಕು. ಕೋರ್ 2 ಡ್ಯುಯೋದಲ್ಲಿ ಅದಿಲ್ಲ, ಯಾವ ಟಿಕ್ ಹಾಕಿದರೂ ಬೂಟ್ ಆಗುವುದಿಲ್ಲ. ವಿಂಡೋಸಿನ ಬದಲು ಪುಕ್ಕಟೆಯ ಲಿನಕ್ಸ್ ಮಿಂಟ್ ಹಾಕಿದೆ. ಇ-ವೇ ಬಿಲ್ ನೋಡಲು ಬ್ರೌಸರ್ ಸಾಕು, ನಡೆಯುತ್ತಿದೆ.

ಹಾಕಿದ ಮೇಲಿನ ಕೆಲಸವನ್ನೂ ಹೇಳಿಬಿಡುತ್ತೇನೆ, ಇದನ್ನು ಯಾರೂ ಹೇಳುವುದಿಲ್ಲ. ತಿಂಗಳ ಸೆಕ್ಯೂರಿಟಿ ಅಪ್‌ಡೇಟ್ ನನಗೆ ಇದುವರೆಗೂ ಬರುತ್ತಿದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ವರ್ಶನ್ ಮಾತ್ರ ಇಂಥ ಕಂಪ್ಯೂಟರಿಗೆ ತಾನಾಗಿ ಬರುವುದಿಲ್ಲ. ಹೋಂ ಮತ್ತು ಪ್ರೋದಲ್ಲಿ ಒಂದು ವರ್ಶನ್‌ಗೆ 24 ತಿಂಗಳಷ್ಟೇ ಆಯುಷ್ಯ. 24ಎಚ್2ದ್ದು 2026ರ ಅಕ್ಟೋಬರ್ 13ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಮತ್ತೆ ಐಎಸ್‌ಒ ಇಳಿಸಿ ಕೈಯಾರೆ ಏರಿಸಬೇಕು. ನಾನು ಆ ತಾರೀಕಿಗೆ ಮುಂಚೆ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ. ಇಷ್ಟು ತಲೆನೋವು ಬೇಡ ಅನ್ನುವವರಿಗೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೇ ಹೆಚ್ಚುವರಿ ಅಪ್‌ಡೇಟ್ ಮಾರುತ್ತದೆ. ಆಫೀಸಿಗಾದರೆ ಒಂದು ಕಂಪ್ಯೂಟರಿಗೆ ಮೊದಲ ವರ್ಷ 61 ಡಾಲರ್, ಮುಂದೆ ಪ್ರತಿ ವರ್ಷ ದುಪ್ಪಟ್ಟು, ಮೂರು ವರ್ಷದ ತನಕ. ನಮ್ಮ ಮಾಲಕರಿಗೆ ಆ ದುಪ್ಪಟ್ಟು ಅನ್ನುವ ಪದ ಕೇಳಿಸಿದ್ದೇ ತಡ, ಆ ದಾರಿ ಅಲ್ಲಿಗೇ ಮುಚ್ಚಿತು.

ನಿಮ್ಮದರಲ್ಲಿ ಬಯಾಸ್ ಮೋಡ್ ಏನು ತೋರಿಸುತ್ತದೆ, ಎಕ್ಸ್64 ಇದೆಯಾ ಹೇಳಿ. ಡಿಸ್ಕ್ ಮ್ಯಾನೇಜ್‌ಮೆಂಟ್ ಪರದೆಯದೊಂದು ಫೋಟೋ ಕೂಡ ಹಾಕಿ. ಹಸಿರು ಗೆರೆ ಇದ್ದರೆ ಭಾನುವಾರ ಬೆಳಿಗ್ಗೆಯೇ ಶುರು ಮಾಡಿ, ಸಂಜೆಗೆ ಇಟ್ಟುಕೊಳ್ಳಬೇಡಿ.